ಬಗ್ಗುವ ನೆಲ

ನೆಲ ಅಲ್ಲಾಡಬೇಕು ಎಂದು ಕೇಳಿಕೊಂಡು ಅದುವರೆಗೆ ಯಾರೂ ನನ್ನ ಅಂಗಡಿಗೆ ಬಂದಿರಲಿಲ್ಲ. ಬಟವಾಡಿಯಲ್ಲಿ ನನ್ನದು ಮರಗೆಲಸದ ಅಂಗಡಿ. ಬರುವವರೆಲ್ಲ ಬಾಗಿಲು ಬಿಗಿಯಾಗಿ ಕೂರಲಿ, ಮಂಚ ಕದಲದಿರಲಿ ಅನ್ನುವವರೇ. ಆ ದಿನ ಬೆಳಿಗ್ಗೆ ಉಪ್ಪಾರಹಳ್ಳಿಯಿಂದ ತಾಯಿ ಮಗಳು ಆಟೋದಲ್ಲಿ ಬಂದಿಳಿದರು. ಮಗಳಿಗೆ ಹತ್ತೊಂಬತ್ತು ವರ್ಷ ಇರಬಹುದು. ಎಡಗಾಲಿಗೆ ಪಾದದಿಂದ ಮೊಣಕಾಲಿನವರೆಗೆ ದಪ್ಪ ಪಟ್ಟಿ. ತಾಯಿಯ ಕೈಯಲ್ಲಿ ಒಂದು ನಕ್ಷೆ.

"ಸಾಬ್ರೇ, ಇಪ್ಪತ್ತಡಿ ಅಗಲ, ಇಪ್ಪತ್ನಾಲ್ಕು ಅಡಿ ಉದ್ದ. ಮರದ ನೆಲ ಹಾಕ್ಕೊಡ್ಬೇಕು. ಆದ್ರೆ ಗಟ್ಟಿ ಇರ್ಬಾರ್ದು."

"ಗಟ್ಟಿ ಇರ್ಬಾರ್ದಾ?"

"ಬಗ್ಗಬೇಕು. ಬಗ್ಗಿ ವಾಪಸ್ ಬರ್ಬೇಕು."

"ಅಕ್ಕಾ, ಹಂಗಾದ್ರೆ ಅದು ನೆಲ ಅಲ್ಲ, ಹಾಸಿಗೆ."

ಹುಡುಗಿ ನಕ್ಕಳು. "ಹಾಸಿಗೆ ಮೇಲೆ ಒಂದು ಬೆರಳಲ್ಲಿ ನಿಂತ್ಕೊಳಕ್ಕಾಗಲ್ಲ ಅಂಕಲ್. ನಂಗೆ ನೆಲಾನೇ ಬೇಕು."

ಒಂದು ಬೆರಳಲ್ಲಿ ನಿಲ್ಲುವುದು ಎಂದರೇನು ಎಂದು ಕೇಳಿದೆ. ಫೋನಿನಲ್ಲಿ ತೋರಿಸಿದಳು. ಗುಲಾಬಿ ಬಣ್ಣದ ಬೂಟು ತೊಟ್ಟು ಬೆರಳ ತುದಿಯ ಮೇಲೆ ನಿಂತವಳು ಇವಳೇ. ಬ್ಯಾಲೆ ಅಂತೆ ಅದಕ್ಕೆ. ಹತ್ತನೇ ವಯಸ್ಸಿನಿಂದ ಬೆಂಗಳೂರಿನ ಒಬ್ಬ ಟೀಚರ ಹತ್ತಿರ ಕಲಿಯುತ್ತಿದ್ದಾಳೆ. ವಾರಕ್ಕೆ ಮೂರು ದಿನ ತುಮಕೂರಿನಿಂದ ರೈಲಿನಲ್ಲಿ ಹೋಗಿ ಬರುತ್ತಾಳೆ, ಉಳಿದ ದಿನ ಮನೆಯ ಹಾಲಿನಲ್ಲಿ ಅಭ್ಯಾಸ. ಆ ಹಾಲಿಗೆ ಗ್ರಾನೈಟ್. ಗ್ರಾನೈಟಿನ ಮೇಲೆ ಸಾವಿರಾರು ಸಲ ಜಿಗಿದೂ ಜಿಗಿದೂ ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಆರು ವಾರ ಜಿಗಿಯುವಂತಿಲ್ಲ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಅದಾದ ಮೇಲೂ ಕಲ್ಲಿನ ಮೇಲೆ ಜಿಗಿಯುವಂತಿಲ್ಲ. ಇನ್ನೊಮ್ಮೆ ಬಿರುಕು ಬಿಟ್ಟರೆ ಈ ಕೆಲಸವನ್ನೇ ಮರೆತುಬಿಡು ಎಂದಿದ್ದಾರೆ.

ಅತ್ತ ಹೊರದೇಶದ ಒಂದು ಬ್ಯಾಲೆ ಕಂಪನಿಯವರು ಹೊಸಬರನ್ನು ತೆಗೆದುಕೊಳ್ಳುತ್ತಿದ್ದರು. ಮೂರು ತಿಂಗಳೊಳಗೆ ವಿಡಿಯೋ ಕಳಿಸಬೇಕು. ಅವರು ತೆಗೆದುಕೊಳ್ಳುವ ವಯಸ್ಸಿಗೆ ಮಿತಿ ಇದೆ, ಇವಳಿಗೆ ಇದೇ ಕೊನೆಯ ವರ್ಷ.

ನಕ್ಷೆ ಟೀಚರು ಬರೆದುಕೊಟ್ಟದ್ದು. ಕೆಳಗೆ ಅಲ್ಲಲ್ಲಿ ರಬ್ಬರ್ ತುಂಡು. ಅದರ ಮೇಲೆ ಉದ್ದಕ್ಕೆ ಒಂದು ಸಾಲು ರೀಪರ್, ಅಂದರೆ ಮರದ ಸಣ್ಣ ಪಟ್ಟಿ, ಅದರ ಮೇಲೆ ಅಡ್ಡಕ್ಕೆ ಇನ್ನೊಂದು ಸಾಲು, ಮೇಲೆ ಎರಡು ಪದರ ಪ್ಲೈವುಡ್. ಇಷ್ಟೇ ಆಗಿದ್ದರೆ ಒಂದು ವಾರದ ಕೆಲಸ. ಆದರೆ ಅದರಲ್ಲೊಂದು ವಿಚಿತ್ರವಿತ್ತು. ರಬ್ಬರ್ ಎಲ್ಲಿದೆಯೋ ಅದರ ನೇರಕ್ಕೆ ಮೇಲಿನ ರೀಪರ್ ಬರುವಂತಿಲ್ಲ, ಎರಡು ರಬ್ಬರಿನ ನಡುವಿನ ಖಾಲಿ ಜಾಗದ ಮೇಲೆ ಬರಬೇಕು. ನಮ್ಮ ಕೆಲಸದಲ್ಲಿ ಆಧಾರ ಇರುವ ಕಡೆ ಭಾರ ಹೊರಿಸುತ್ತೇವೆ. ಇಲ್ಲಿ ಬೇಕೆಂದೇ ಆಧಾರ ಇಲ್ಲದ ಕಡೆ ಹೊರಿಸಬೇಕು. ಇದೆಂಥ ಲೆಕ್ಕ ಅಂತೀನಿ! ಎರಡು ದಿನ ಆ ಹಾಳೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಅರ್ಥವಾದದ್ದು ಗುಬ್ಬಿಯಲ್ಲಿ. ನೆಲ ಹಾಕಬೇಕಿದ್ದ ಜಾಗ ಅಲ್ಲಿ, ಹುಡುಗಿಯ ಸೋದರಮಾವನ ಕೊಬ್ಬರಿ ಗೋದಾಮು. ಅರ್ಧ ಭಾಗ ಖಾಲಿ ಬಿದ್ದಿತ್ತು, ಮಾಡು ಎತ್ತರ, ಸಿಮೆಂಟಿನ ನೆಲ. ಇನ್ನರ್ಧದಲ್ಲಿ ಇನ್ನೂ ಅಟ್ಟವಿತ್ತು. ಅಡಿಕೆ ಮರದ ದಬ್ಬೆ ಹಾಸಿ, ಮೇಲೆ ತೆಂಗಿನಕಾಯಿ ಹರವಿ, ಕೊಬ್ಬರಿ ಆಗಲು ತಿಂಗಳುಗಟ್ಟಲೆ ಬಿಡುತ್ತಾರಲ್ಲ, ಆ ಅಟ್ಟ. ಮಾವ ಸಣ್ಣಗೆ ಉದ್ದಕ್ಕಿದ್ದ ಆಸಾಮಿ, ಬಾಯಿ ಮಾತ್ರ ಜೋರು.

"ನಕ್ಷೆ ಕೈಲಿಡ್ಕಂಡು ಏನ್ ನೋಡ್ತೀರ ಸಾಬ್ರೇ, ಮೇಲಕ್ಕೆ ಹತ್ತಿ. ಒಂದ್ಸಲ ನಡೀರಿ."

ಏಣಿ ಹತ್ತಿ ಅಟ್ಟದ ಮೇಲೆ ನಡೆದೆ. ಹೆಜ್ಜೆ ಇಟ್ಟ ಕಡೆ ದಬ್ಬೆ ಮೆಲ್ಲಗೆ ಇಳಿದು, ಕಾಲೆತ್ತಿದಾಗ ಹಿಂದಿನಿಂದ ಯಾರೋ ಎತ್ತಿಕೊಟ್ಟ ಹಾಗೆ ಮೇಲೆ ಬಂತು. ತೊಲೆಯ ಮೇಲೆ ಕಾಲಿಟ್ಟರೆ ಧಡ್ ಎಂದು ಮಂಡಿಗೆ ಬಡಿಯುತ್ತಿತ್ತು. ತೊಲೆಗಳ ನಡುವೆ ಮಾತ್ರ ಆ ಸುಖ. ಓಹೋ, ಖಾಲಿ ಜಾಗದ ಗುಟ್ಟು ಇದು ಎಂದು ಅಲ್ಲೇ ತಿಳಿಯಿತು.

ಕೆಲಸ ಶುರುವಾಯಿತು. ಸಿಲ್ವರ್ ಓಕ್ ರೀಪರುಗಳನ್ನು ಕುಣಿಗಲ್ ಕಡೆಯ ಒಂದು ಮಿಲ್ಲಿನಲ್ಲಿ ಕೊಯ್ಯಿಸಿ ತಂದೆ. ಗಂಟಿದ್ದ ರೀಪರ್ ಬಗ್ಗಿದರೆ ಗಂಟಿನ ಕಡೆಯೇ ಮುರಿಯುತ್ತದೆ, ಆದ್ದರಿಂದ ಒಂದೊಂದನ್ನೂ ಎತ್ತಿ, ಎರಡು ಇಟ್ಟಿಗೆಯ ಮೇಲಿಟ್ಟು, ನಡುವೆ ಕಾಲಿನಿಂದ ಒತ್ತಿ ಆರಿಸಿದೆ. ಜಿಮ್ಮಿನ ಹಳೆಯ ರಬ್ಬರ್ ಚಾಪೆಗಳನ್ನು ಮೂರಿಂಚಿನ ಚೌಕಗಳಾಗಿ ಕತ್ತರಿಸಿದೆ. ಪ್ಲೈವುಡ್ಡಿನ ಒಂದು ಪದರದ ಸಂದಿಯ ಮೇಲೆ ಇನ್ನೊಂದು ಪದರದ ಸಂದಿ ಬರದಂತೆ ಕೂರಿಸಿದೆ. ಗೋಡೆಗೂ ನೆಲಕ್ಕೂ ಅರ್ಧ ಇಂಚು ಬಿಡಬೇಕು, ಗೋಡೆಗೆ ತಾಗಿದ ನೆಲ ಬಗ್ಗುವುದಿಲ್ಲ.

ಹುಡುಗಿ ದಿನವೂ ಬರುತ್ತಿದ್ದಳು. ಜಿಗಿಯುವಂತಿಲ್ಲವಾದರೂ ಸುಮ್ಮನೆ ಕೂರುವವಳಲ್ಲ. ಒಂದು ಕುರ್ಚಿಯ ಬೆನ್ನು ಹಿಡಿದು, ಎರಡು ಪಾದಗಳನ್ನೂ ಜೋಡಿ ಬಾಗಿಲು ತೆರೆದ ಹಾಗೆ ಎರಡು ಕಡೆಗೆ ತಿರುಗಿಸಿ ನಿಂತು, ಮಂಡಿ ಮಡಿಸಿ ಏಳುವುದನ್ನೇ ಗಂಟೆಗಟ್ಟಲೆ ಮಾಡುವಳು.

"ಇದನ್ನ ಹತ್ತು ವರ್ಷದೋಳಿದ್ದಾಗ್ಲೇ ಕಲಿತೆ ಅಂದಲ್ಲಮ್ಮ, ಇನ್ನೂ ಅದೇನಾ?"

"ನೀವು ಇನ್ನೂ ಮರ ಕೊಯ್ಯಲ್ವಾ ಅಂಕಲ್?"

ಕುರ್ಚಿ ಸಾಲದು ಎಂದು ಗೋಡೆಯುದ್ದಕ್ಕೆ ಹಿಡಿಯಲು ಮರದ ಒಂದು ದುಂಡನೆಯ ಕಂಬಿ ಕೀಸಿಕೊಟ್ಟೆ. ಅವಳ ಮೊಣಕೈ ಅಳತೆ ಹಿಡಿದು ಎತ್ತರ ಗುರುತು ಹಾಕಿದೆ. ತಿರುಗುವಾಗ ತಲೆ ಸುತ್ತದ ಹಾಗೆ ಕಣ್ಣು ನೆಡಲು ಒಂದು ಗುರುತು ಬೇಕೆಂದಳು, ಎದುರು ಗೋಡೆಗೆ ತಾಮ್ರದ ತಲೆಯ ಒಂದು ಮೊಳೆ ಹೊಡೆದೆ. ಒಂದು ದಿನ ಹೊಸ ಬೂಟು ಜೋಡಿ ತೆಗೆದು ಬಾಗಿಲ ಚೌಕಟ್ಟಿಗೆ ದಬದಬ ಬಡಿಯತೊಡಗಿದಳು.

"ಯಾಕಮ್ಮ, ಚಪ್ಪಲಿ ಅಂಗಡಿಯವ್ನ ಮೇಲಿನ ಸಿಟ್ಟಾ?"

"ಮೆತ್ತಗಾಗ್ಬೇಕು ಅಂಕಲ್. ತುಂಬ ಗಟ್ಟಿ ಇದ್ರೆ ಸದ್ದು ಬರುತ್ತೆ, ಕಾಲಿನ ಮಾತೂ ಕೇಳಲ್ಲ."

ಬೂಟಿನ ಅಟ್ಟೆ ಜಾರುತ್ತದೆ ಎಂದು ಕೀಸಲು ನನ್ನ ಅರವನ್ನೇ ಇಸಕೊಂಡಳು. ಮರ ಉಜ್ಜುವ ಅರದಿಂದ ಕುಣಿಯುವ ಬೂಟು ಉಜ್ಜುವುದನ್ನು ಆ ದಿನ ಕಂಡೆ.

ನೆಲ ಮುಗಿಯಿತು. ಮುಗಿದ ಖುಷಿಯಲ್ಲಿ ನಾನು ಯಾರನ್ನೂ ಕೇಳದೆ ಎರಡು ಕೈ ಪಾಲಿಶ್ ಎಳೆದೆ. ಮುಖ ಕಾಣುವ ಹಾಗೆ ಹೊಳೆಯಿತು. ಹುಡುಗಿ ಬಂದಳು, ನೋಡಿದಳು, ಒಂದು ಹೆಜ್ಜೆ ಇಟ್ಟಳು, ಸರ್ರನೆ ಜಾರಿ ಕಂಬಿ ಹಿಡಿದುಕೊಂಡಳು. ಮಾವ ಬಾಗಿಲಲ್ಲಿ ನಿಂತು, "ಸಾಬ್ರೇ, ಮದ್ವೆ ಮಂಚಕ್ಕೆ ಹಾಕೋ ಪಾಲಿಶ್ ಇಲ್ಲಿಗ್ಯಾಕೆ ಹಾಕಿದ್ರಿ?" ಎಂದ. ಮೂರು ದಿನ ಮಂಡಿಯೂರಿ ಉಪ್ಪುಕಾಗದದಲ್ಲಿ ಅದನ್ನೆಲ್ಲ ಉಜ್ಜಿ ತೆಗೆದೆ. ಬೂಟು ಜಾರದಿರಲು ಅವಳೇ ಗ್ರಂದಿಗೆ ಅಂಗಡಿಯಿಂದ ರಾಳ ತಂದು, ಪುಡಿ ಮಾಡಿ, ಅಟ್ಟೆಗೆ ಮೆತ್ತಿಕೊಂಡಳು.

ಈ ಪಾಲಿಶ್ ಪ್ರಸಂಗ ಎಲ್ಲರಿಗೂ ಗೊತ್ತು, ಎಲ್ಲರೂ ನಕ್ಕರು. ಇನ್ನೊಂದು ತಪ್ಪು ಮಾಡಿದ್ದೆ. ಅದು ನನಗೊಬ್ಬನಿಗೇ ಗೊತ್ತಿತ್ತು.

ಪಾಲಿಶ್ ಉಜ್ಜುವಾಗ ಬಾಗಿಲ ಕಡೆಯ ಮೂಲೆಯಲ್ಲಿ ನೆಲ ಕಿರ್ ಎಂದಿತು. ಮತ್ತೆ ತುಳಿದೆ, ಮತ್ತೆ ಕಿರ್. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮಂಚ ಕಿರುಗುಟ್ಟಿದರೆ ಮಾಡಿದವನ ಹೆಸರು ಹಿಡಿದು ಬೈಯುತ್ತಾರೆ. ಗೋಡೆಯಿಲ್ಲದ ಪಕ್ಕಕ್ಕೆ ಅಂಚಿನ ಪಟ್ಟಿ ಇನ್ನೂ ಹೊಡೆದಿರಲಿಲ್ಲ, ಆ ಸಂದಿಯಿಂದ ಉದ್ದ ಕೋಲಿನಲ್ಲಿ ತಳ್ಳಿ, ರೀಪರಿನ ಕೆಳಗೂ ಸಿಮೆಂಟಿನ ಮೇಲೂ ಬಿಗಿಯಾಗಿ ಕೂರುವಂತೆ ಮರದ ಬೆಣೆ ಹೊಡೆದೆ. ಒಂದು ಹೊಡೆದರೆ ಪಕ್ಕದಲ್ಲಿ ಸದ್ದು. ಅಲ್ಲೂ ಹೊಡೆದೆ. ಹೀಗೆ ಹನ್ನೊಂದು. ಸದ್ದು ನಿಂತಿತು. ಪಟ್ಟಿ ಹೊಡೆದು ಮುಚ್ಚಿ, ಕೈ ಒರೆಸಿಕೊಂಡು ಟೀ ಕುಡಿಯಲು ಹೋದೆ.

ಆರು ವಾರ ಕಳೆದವು. ಡಾಕ್ಟರು ಒಪ್ಪಿದರು. ಹುಡುಗಿ ಮೊದಲು ಸಣ್ಣ ಜಿಗಿತ, ಆಮೇಲೆ ದೊಡ್ಡ ಜಿಗಿತ ಶುರು ಮಾಡಿದಳು. ನಾನು ಗುಬ್ಬಿ ಕಡೆ ಕೆಲಸವಿದ್ದಾಗಲೆಲ್ಲ ಹೋಗಿ ನೋಡುತ್ತಿದ್ದೆ. ದೊಡ್ಡ ಜಿಗಿತಗಳನ್ನು ಬ್ಯಾಲೆಯವರು ನೇರಕ್ಕೆ ಹಾಕುವುದಿಲ್ಲ, ಕೋಣೆಯ ಹಿಂದಿನ ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಹಾಕುತ್ತಾರೆ. ಹಾರುತ್ತ ಹಾರುತ್ತ ಬಂದು ಕೊನೆಯ ಜಿಗಿತಕ್ಕೆ ಅವಳು ಇಳಿಯುತ್ತಿದ್ದದ್ದು ಬಾಗಿಲ ಕಡೆಯ ಮೂಲೆಯಲ್ಲಿ. ಎಡಗಾಲಿನ ಮೇಲೆ.

ದೊಡ್ಡ ಜಿಗಿತ ಶುರುವಾದ ಹತ್ತನೆಯ ದಿನಕ್ಕೆ ನೋವು ಮರಳಿ ಬಂತು.

ಡಾಕ್ಟರು ಕಾಲಿನ ಸ್ಕ್ಯಾನ್ ಮಾಡಿಸಿದರು. ಹೊಸ ಬಿರುಕಿಲ್ಲ, ಆದರೆ ಹಳೆಯ ಜಾಗದ ಸುತ್ತ ಕೆರಳಿದೆ, ಇನ್ನು ನಾಲ್ಕು ದಿನ ಹೀಗೇ ಕುಣಿದಿದ್ದರೆ ಮೂಳೆ ಹೋಗುತ್ತಿತ್ತು, ಒಂದು ವಾರ ಮುಟ್ಟಬೇಡ ಎಂದರು. ವಿಡಿಯೋ ಕಳಿಸಲು ಉಳಿದದ್ದು ಇಪ್ಪತ್ತೆರಡು ದಿನ. ತಾಯಿ ನನಗೆ ಫೋನ್ ಮಾಡಿದರು. ದೂರಲಿಲ್ಲ. ಅದೇ ಕಷ್ಟವಾಯಿತು.

"ನೆಲದ್ದೇನೂ ತಪ್ಪಿಲ್ಲ ಬುಡಿ ಸಾಬ್ರೇ, ನೀವು ಚೆನ್ನಾಗಿ ಮಾಡ್ಕೊಟ್ರಿ. ಅವಳ ಮೂಳೆನೇ ಅಷ್ಟು ಅಂತ ಕಾಣುತ್ತೆ. ಇವತ್ತು ಟೀಚರಿಗೆ ಫೋನ್ ಮಾಡಿ, ನಾನು ವಿಡಿಯೋ ಕಳಿಸಲ್ಲ, ಬಿಟ್ಬಿಡ್ತೀನಿ ಅಂದ್ಲು. ಭಾನುವಾರದವರೆಗೆ ಯೋಚ್ನೆ ಮಾಡು ಅಂದವ್ರೆ ಅವ್ರು."

ಹನ್ನೊಂದು ಬೆಣೆ. ಇಷ್ಟು ದೊಡ್ಡ ನೆಲದಲ್ಲಿ ಹನ್ನೊಂದು ಚೂರು ಮರದಿಂದ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡೆನೇ ಹೊರತು ಅದನ್ನು ತಿಳಿಯದೆ ಕೂರಲು ಆಗಲಿಲ್ಲ. ಮಾರನೆಯ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ. ಜೇಬಿನಲ್ಲಿ ಕಿಟಕಿ ಗಾಜು ಕೂರಿಸಲು ಮೆತ್ತುವ ಲಪ್ಪ, ಕಣಕದಷ್ಟು ಮೆತ್ತಗಿನ ಪುಟ್ಟಿ, ಒಂದು ಉಂಡೆ.

ಬಾಗಿಲ ಮೂಲೆಯ ಅಂಚುಪಟ್ಟಿ ಬಿಚ್ಚಿದೆ. ಲಪ್ಪವನ್ನು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಸಂದಿಯಿಂದ ತಳ್ಳಿ, ರೀಪರುಗಳ ಕೆಳಗೆ ಸಿಮೆಂಟಿನ ಮೇಲೆ ಸಾಲಾಗಿ ಕೂರಿಸಿದೆ. ಅದೇ ಪಕ್ಕದ ದೂರದ ಮೂಲೆಯಲ್ಲೂ ಪಟ್ಟಿ ಬಿಚ್ಚಿ ಅಷ್ಟೇ ಉಂಡೆ. ಈಗ ಯಾರಾದರೂ ಜಿಗಿಯಬೇಕಲ್ಲ? ಲುಂಗಿ ಮೇಲೆ ಕಟ್ಟಿ ನಾನೇ ಜಿಗಿದೆ. ಐವತ್ತಮೂರರ ವಯಸ್ಸಿನಲ್ಲಿ, ಬರಿಗಾಲಿನಲ್ಲಿ, ಈ ಮೂಲೆಯಲ್ಲಿ ಇಪ್ಪತ್ತು, ಆ ಮೂಲೆಯಲ್ಲಿ ಇಪ್ಪತ್ತು. ಹದಿನಾರನೆಯದಕ್ಕೆ ಮಾವ ಬಾಗಿಲು ತೆಗೆದ.

"ಏನ್ ಸಾಬ್ರೇ, ನೀವೂ ವಿಡಿಯೋ ಕಳಿಸ್ತೀರಾ?"

"ಸ್ವಲ್ಪ ಸುಮ್ನಿರಪ್ಪ, ಲೆಕ್ಕ ತಪ್ಪುತ್ತೆ."

ಬ್ಯಾಟರಿ ಹಾಕಿ ಇಬ್ಬರೂ ಹೊಟ್ಟೆ ಮೇಲೆ ಮಲಗಿ ನೋಡಿದೆವು. ದೂರದ ಮೂಲೆಯಲ್ಲಿ ಉಂಡೆಗಳೆಲ್ಲ ತಲೆ ಚಪ್ಪಟೆಯಾಗಿ ಬಿಲ್ಲೆಯಾಗಿದ್ದವು. ನೆಲ ಕೆಳಗಿಳಿದು ಒತ್ತಿತ್ತು, ನಿಜ. ಬಾಗಿಲ ಮೂಲೆಯಲ್ಲಿ ಉಂಡೆಗಳು ನಾನಿಟ್ಟ ಹಾಗೇ, ನನ್ನ ಬೆರಳಿನ ಗುರುತೂ ಅಳಿಯದೆ ಕೂತಿದ್ದವು. ನಾನು ಜಿಗಿದದ್ದು ಆ ಮೂಲೆಗೆ ಗೊತ್ತೇ ಆಗಿರಲಿಲ್ಲ. ಅವಳ ಮನೆಯ ಗ್ರಾನೈಟನ್ನೇ ತಂದು ಪ್ಲೈವುಡ್ಡಿನಡಿ ಬಚ್ಚಿಟ್ಟ ಹಾಗೆ ಮಾಡಿದ್ದೆ. ಅದಕ್ಕಿಂತ ಕೆಟ್ಟದ್ದು. ಗ್ರಾನೈಟ್ ಆದರೆ ಕಾಲು ಹುಷಾರಾಗಿರುತ್ತದೆ, ಇಲ್ಲಿ ನಂಬಿ ಇಳಿಯುತ್ತಿತ್ತು.

ಮಾವ ಕೋಲು ಹಾಕಿ ಒಂದು ಬೆಣೆಯನ್ನು ಕೆದಕಿ ಹೊರಗೆಳೆದ. ಕೈಯಲ್ಲಿ ತಿರುಗಿಸಿ ನೋಡಿದ. ನನ್ನ ಮುಖ ನೋಡಿದ.

"ಇದು ತಾನಾಗೇ ಹೋಗಿ ಸೇರ್ಕೊಂಡಿದ್ದಲ್ಲ ಅಲ್ವಾ?"

"ಅಲ್ಲ."

"ಹೇಳ್ತೀರೋ, ಸುಮ್ನೆ ಕಿತ್ತು ಮುಚ್ಚಿಬಿಡೋಣ್ವೋ? ನಾನಂತೂ ಬಾಯಿ ಬಿಡಲ್ಲ."

ಮುಚ್ಚಬಹುದಿತ್ತು. ಮುಚ್ಚಿದ್ದರೆ ನೆಲ ಸರಿಯಾಗುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಆ ಹುಡುಗಿ ಕಾಲೇ ಸರಿಯಿಲ್ಲ ಎಂದು ನಂಬಿ ಬಿಟ್ಟುಬಿಡುತ್ತಿದ್ದಳು. ಸರಿಯಾದ ನೆಲದ ಮೇಲೆ ಆಗ ಯಾರು ಕುಣಿಯಬೇಕಿತ್ತು? ಅಲ್ಲಿಂದಲೇ ಉಪ್ಪಾರಹಳ್ಳಿಗೆ ಹೋದೆ, ಮಾವನೂ ಜೊತೆಗೆ ಬಂದ.

ಹುಡುಗಿ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದಳು. ಬೆಣೆಯನ್ನು ಟೀಪಾಯಿಯ ಮೇಲಿಟ್ಟು, ಏನು ಮಾಡಿದೆ, ಯಾಕೆ ಮಾಡಿದೆ, ಎಲ್ಲಿ ಮಾಡಿದೆ, ಒಂದೂ ಬಿಡದೆ ಹೇಳಿದೆ. ತಾಯಿ ನಿಂತೇ ಇದ್ದರು.

"ಕಿರ್ ಅಂತು ಅಂತ? ಅಷ್ಟಕ್ಕೆ? ನಾವು ಸದ್ದು ಮಾಡ್ಬಾರ್ದು ಅಂತ ಕೇಳಿದ್ವಾ ಸಾಬ್ರೇ? ಬಗ್ಗಬೇಕು ಅಂತ ತಾನೆ ಕೇಳಿದ್ದು? ಎರಡು ತಿಂಗಳಿಂದ ಈ ಮಗು ಮುಖ ನೋಡಕ್ಕಾಗ್ತಿಲ್ಲ ನಂಗೆ..."

"ತಪ್ಪಾಯ್ತಕ್ಕ."

"ತಪ್ಪಾಯ್ತು ಅಂದ್ಬಿಟ್ರೆ..."

"ಅಮ್ಮಾ, ಒಂದ್ನಿಮಿಷ ಇರು." ಹುಡುಗಿ ಬೆಣೆಯನ್ನು ಎತ್ತಿಕೊಂಡಿದ್ದಳು. ಅವಳ ಕಣ್ಣು ತುಂಬಿತ್ತು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ.

"ಅಂಕಲ್, ಅಂದ್ರೆ ನನ್ನ ಕಾಲು ಸರಿಯಾಗೇ ಇದೆಯಾ?"

"ಕಾಲಿನ ವಿಷ್ಯ ಡಾಕ್ಟರನ್ನ ಕೇಳಮ್ಮ. ನೆಲ ಸರಿ ಇರ್ಲಿಲ್ಲ, ಅದು ಮಾತ್ರ ನಂಗೊತ್ತು" ಎಂದೆ. ಅವಳು ಅಳುತ್ತಳುತ್ತಲೇ ನಗತೊಡಗಿದಳು. ತಾಯಿ ಒಳಗೆ ಹೋದರು. ತುಂಬ ಹೊತ್ತಾದ ಮೇಲೆ ಟೀ ತಂದರು, ನನ್ನ ಲೋಟವನ್ನು ಮಾತ್ರ ಸ್ವಲ್ಪ ಜೋರಾಗಿ ಕುಕ್ಕಿದರು.

ಅವಳ ವಿಶ್ರಾಂತಿಯ ವಾರವೇ ನನಗೆ ಸಿಕ್ಕ ಸಮಯ. ಬೇರೆ ಕೆಲಸವೆಲ್ಲ ನಿಲ್ಲಿಸಿ, ನನ್ನ ತಮ್ಮನನ್ನೂ ಕರೆದುಕೊಂಡು ಹೋಗಿ, ಆ ಕಡೆಯ ಪ್ಲೈವುಡ್ ಪೂರ್ತಿ ಬಿಚ್ಚಿದೆ. ಹನ್ನೊಂದನ್ನೂ ತೆಗೆದೆ. ಸದ್ದು ಎಲ್ಲಿಂದ ಎಂದು ಈ ಸಲ ಸರಿಯಾಗಿ ಹುಡುಕಿದೆ. ಒಂದು ರೀಪರ್ ಇನ್ನೊಂದರ ಮೇಲೆ ಕೂರುವ ಕಡೆ ಮರಕ್ಕೆ ಮರ ಉಜ್ಜುತ್ತಿತ್ತು, ಅಷ್ಟೇ. ಮಾವ ಒಂದು ಹಳೆಯ ಕಂಬಳಿ ಕೊಟ್ಟ, ಅದನ್ನು ಪಟ್ಟಿ ಪಟ್ಟಿ ಕತ್ತರಿಸಿ ಎರಡು ಮರದ ನಡುವೆ ಹಾಸಿದೆ. ಮೊದಲೇ ಇಷ್ಟು ಯೋಚಿಸಿದ್ದರೆ! ಮತ್ತೆ ಮುಚ್ಚುವ ಮುಂಚೆ ನೆಲದುದ್ದಕ್ಕೂ ಲಪ್ಪದ ಉಂಡೆ ಇಟ್ಟು, ಮೂಲೆ ಮೂಲೆಯಲ್ಲೂ ಜಿಗಿದು ನೋಡಿದೆ. ಈ ಸಲ ಮಾವನೂ ಜಿಗಿದ. ಎಲ್ಲ ಉಂಡೆಗಳೂ ಒಂದೇ ಸಮ ಚಪ್ಪಟೆಯಾಗಿದ್ದವು. ಆದರೂ ಒಂದೆರಡು ಕಡೆ ಸಣ್ಣಗೆ ಕಿರ್ ಎನ್ನುತ್ತಲೇ ಇತ್ತು. ಬಿಟ್ಟೆ. ಬಿಡುವುದು ಸುಲಭವಾಗಿರಲಿಲ್ಲ, ಆದರೆ ಬಿಟ್ಟೆ.

ವಾರ ಮುಗಿದ ಮೇಲೆ ಅವಳು ಕಂಬಿ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಎರಡು ದಿನ ಬರೀ ಮಂಡಿ ಮಡಿಸುವುದು, ಮೂರನೆಯ ದಿನ ಎಂಟೇ ಎಂಟು ಸಣ್ಣ ಜಿಗಿತ. ಟೀಚರು ಫೋನಿನಲ್ಲಿ ನೋಡುತ್ತ ಎಣಿಸುತ್ತಿದ್ದರು, ಒಂಬತ್ತನೆಯದಕ್ಕೆ ಬಿಡಲಿಲ್ಲ. ಮರುದಿನ ಹದಿನಾರು. ಪ್ರತಿ ಸಲ ಮುಗಿಸಿ ಕೂತು, ಹೆಬ್ಬೆರಳಿನಲ್ಲಿ ಕಣಕಾಲಿನ ಮೂಳೆಯನ್ನು ಮೇಲಿನಿಂದ ಕೆಳಕ್ಕೆ ಒತ್ತಿಕೊಂಡು ಬರುತ್ತಿದ್ದಳು. ಆ ಹೆಬ್ಬೆರಳು ಹಳೆಯ ಜಾಗದ ಹತ್ತಿರ ಬಂದಾಗ ಗೋದಾಮಿನಲ್ಲಿದ್ದವರೆಲ್ಲ ಅವಳ ಮುಖ ನೋಡುತ್ತಿದ್ದರು.

ವಿಡಿಯೋ ತೆಗೆಯುವ ದಿನ ಟೀಚರೇ ಬೆಂಗಳೂರಿನಿಂದ ಬಂದರು. ನಡುವೆ ನಿಲ್ಲಿಸಿ ಜೋಡಿಸುವಂತಿಲ್ಲ, ಒಂದೊಂದು ಭಾಗವೂ ಒಂದೇ ಸಲಕ್ಕೆ ಆಗಬೇಕಂತೆ. ಮೊದಲ ಸಲ ಹೊರಗೆ ಸಂತೆಯ ಗಾಡಿಯವನು ಮೈಕಿನಲ್ಲಿ ಈರುಳ್ಳಿ ಕೂಗಿದ, ಮಾವ ಓಡಿಹೋಗಿ ಅವನನ್ನು ಊರಾಚೆ ಅಟ್ಟಿ ಬಂದ. ಎರಡನೆಯ ಸಲ ಅವಳೇ ತಿರುಗುವಾಗ ತಪ್ಪಿದಳು. ಟೀಚರು ಗಡಿಯಾರ ನೋಡಿ, "ದೊಡ್ಡ ಜಿಗಿತ ಇನ್ನೊಂದೇ ಸಲ. ಆಮೇಲೆ ನಾನು ಬಿಡಲ್ಲ" ಎಂದರು.

ಮೂರನೆಯ ಸಲ ಪಿಯಾನೋ ಶುರುವಾಯಿತು. ಹಿಂದಿನ ಮೂಲೆಯಿಂದ ಹೊರಟಳು. ಒಂದು, ಎರಡು, ಮೂರು. ಗಾಳಿಯಲ್ಲಿ ಕಾಲುಗಳು ರಸಮಟ್ಟ ಇಟ್ಟ ಹಾಗೆ ನೇರ. ಕೊನೆಯದಕ್ಕೆ ಎಡಗಾಲಿನ ಮೇಲೆ ಬಾಗಿಲ ಮೂಲೆಯಲ್ಲಿ ಇಳಿದಳು. ನಾನು ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದೆ. ಇಳಿಯಿತು. ಇಳಿದು ಅವಳನ್ನು ಮೇಲೆತ್ತಿ ಕೊಟ್ಟಿತು. ಅವಳು ಕೈ ಚಾಚಿ ಹಾಗೇ ನಿಂತಳು, ಟೀಚರು ಸಾಕು ಅನ್ನುವವರೆಗೆ. ಆಮೇಲೆ ಕೂತು ಹೆಬ್ಬೆರಳು ಒತ್ತಿದಳು. ಕಾಲಿನುದ್ದಕ್ಕೂ ಒತ್ತಿ, ತಾಯಿಯ ಕಡೆ ನೋಡಿ, ನೋವಿಲ್ಲ ಎಂದು ತಲೆಯಾಡಿಸಿದಳು.

ಎರಡು ತಿಂಗಳು ಏನೂ ಸುದ್ದಿಯಿರಲಿಲ್ಲ. ಒಂದು ಮಧ್ಯಾಹ್ನ ನಾನು ಹಲಗೆ ಕೊಯ್ಯುತ್ತಿದ್ದೆ. ಮೆಷಿನ್ನಿನ ಸದ್ದಿನಲ್ಲಿ ಹುಡುಗಿ ಬಂದು ಎದುರು ನಿಂತು ಏನೋ ಕೂಗುತ್ತಿದ್ದಳು, ಕೇಳಲಿಲ್ಲ. ಸ್ವಿಚ್ ಆರಿಸಿದೆ.

"ತಗೊಂಡ್ರು ಅಂಕಲ್! ಒಂದು ವರ್ಷಕ್ಕೆ. ಸಂಬಳ ಕೊಡ್ತಾರೆ, ಸ್ಟೇಜ್ ಮೇಲೆ ಕುಣಿಸ್ತಾರೆ!"

ಫೋನು ಮುಂದೆ ಹಿಡಿದಳು. ಪೂರ್ತಿ ಇಂಗ್ಲಿಷು. "ಓದಮ್ಮ, ನಿನ್ನನ್ನ ಏನಂತ ತಗೊಂಡವ್ರೆ ಅದನ್ನ ಓದು."

"ಅಪ್ರೆಂಟಿಸ್ ಅಂತ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಮೊದಲ ದಿನ ಬಂದು ಹೊಟ್ಟು ಗುಡಿಸುವವನನ್ನು ಹಾಗೆನ್ನುತ್ತಾರೆ. "ಒಂಬತ್ತು ವರ್ಷ ಕಲಿತು, ಕಾಲು ಮುರ್ಕೊಂಡು, ನನ್ನ ಕೈಲಿ ಎರಡು ಸಲ ನೆಲ ಹಾಕಿಸ್ಕೊಂಡು, ಈಗ ಅಪ್ರೆಂಟಿಸಾ?"

"ಹೂಂ ಅಂಕಲ್," ಎಂದಳು. ಮುಖದ ತುಂಬ ನಗು. "ಎರಡು ತಿಂಗಳಾದ್ಮೇಲೆ ಅಲ್ಲಿ ಕ್ಲಾಸು. ಮೊದಲು ಏನ್ ಮಾಡಿಸ್ತಾರೆ ಹೇಳಿ?"

"ಏನು?"

ಮರದ ಹೊಟ್ಟಿನ ನಡುವೆ ಪಾದಗಳನ್ನು ಎರಡು ಕಡೆಗೆ ತಿರುಗಿಸಿ ನಿಂತಳು. ಕೊಯ್ಯುವ ಮೇಜಿನ ಅಂಚು ಹಿಡಿದಳು. ಬೆನ್ನು ನೆಟ್ಟಗಿಟ್ಟು, ನಿಧಾನವಾಗಿ ಮಂಡಿ ಮಡಿಸಿದಳು.